ಒಂದೇ ವಾಕ್ಯದಲ್ಲಿ ಬಿಟ್ಟುಹೋದ ಎರಡು ಊರುಗಳು

ಕೊಚ್ಚಿಯ ಕಲೂರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಳಿಗೆಯಿಂದ ಸಮುದ್ರ ಕಾಣುವುದಿಲ್ಲ. ಕಾಣುವುದು ಮೆಟ್ರೋ ರೈಲಿನ ಎತ್ತರದ ಹಳಿ, ಕ್ರೀಡಾಂಗಣದ ದೀಪಗಳು, ಅವುಗಳ ನಡುವೆ ಅಲ್ಲಲ್ಲಿ ಉಳಿದುಕೊಂಡ ತೆಂಗಿನ ತಲೆಗಳು. ಆದರೂ ಈ ನಗರದಲ್ಲಿ ಇದ್ದಷ್ಟು ದಿನ ದ್ವೀಪಗಳನ್ನು ಮರೆಯುವಂತಿಲ್ಲ. ಹೈಕೋರ್ಟಿನ ಬಳಿಯ ಜೆಟ್ಟಿಗೆ ಹೋಗಿ ನಿಂತರೆ ವೈಪಿನ್, ಬೋಳ್ಗಾಟ್ಟಿ, ವಲ್ಲಾರ್ಪಾಡಂ ಎಲ್ಲವೂ ಕಣ್ಣಳತೆಯಲ್ಲೇ ಇವೆ. ನಮ್ಮ ಮಕ್ಕಳಿಗೆ ದ್ವೀಪವೆಂದರೆ ಭಾನುವಾರ ಸಂಜೆ ದೋಣಿ ಹತ್ತಿ ಹೋಗಿ ಕತ್ತಲಾಗುವ ಮೊದಲು ಹಿಂದಿರುಗುವ ಜಾಗ. ಮಗಳಿಗೆ ಒಂಬತ್ತು, ಮಗನಿಗೆ ಆರು. 2024ರ ಜನವರಿಯ ನಂತರ ಲಕ್ಷದ್ವೀಪದ ಚಿತ್ರಗಳು ಎಲ್ಲರ ಮೊಬೈಲುಗಳಲ್ಲೂ ಹರಿದಾಡತೊಡಗಿದಾಗ ಅವರಿಗೂ ಅದೇ ಹಟ ಹಿಡಿಯಿತು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಕುಟುಂಬಸಮೇತ ಹೋಗಿಬರುವ ರಜಾ ಪ್ರಯಾಣದ ಸವಲತ್ತುಂಟು. ಬಹುಪಾಲು ಸಹೋದ್ಯೋಗಿಗಳು ಕಾಶ್ಮೀರಕ್ಕೋ ಅಂಡಮಾನಿಗೋ ಹೋಗುತ್ತಾರೆ. ನಾವು ನಮ್ಮ ಬಾಗಿಲಲ್ಲೇ ನಿಲ್ಲುವ ಹಡಗನ್ನು ಹತ್ತಿ ಕಡಮತ್ ದ್ವೀಪಕ್ಕೆ ಹೋಗುವುದೆಂದು ನಿಶ್ಚಯಿಸಿದೆವು.

ಲಕ್ಷದ್ವೀಪಕ್ಕೆ ಹೋಗಬೇಕಾದರೆ ಟಿಕೆಟ್ ಮಾತ್ರ ಸಾಲದು, ಪ್ರವೇಶ ಪರವಾನಗಿಯೂ ಬೇಕು. ಅದರ ಅರ್ಜಿ ತುಂಬುತ್ತ ಕುಳಿತ ರಾತ್ರಿ, ಈ ನಿಯಮ ಎಲ್ಲಿಂದ ಬಂತೆಂಬ ಕುತೂಹಲಕ್ಕೆ ಹಳೆಯ ಕಾಯಿದೆಗಳ ಪುಟಗಳನ್ನು ಮಗುಚತೊಡಗಿದೆವು. ಕಡತ ಓದುವುದು ನಮ್ಮ ಹೊಟ್ಟೆಪಾಡಿನ ಕಸುಬು. ಹಾಗಾಗಿ ಅದು ಬೇಸರ ತರಲಿಲ್ಲ. ಓದುತ್ತ ಓದುತ್ತ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಗೆ ಬಂದೆವು. ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಸೀಮೆಗಳು ಸೇರುತ್ತವೆಂದು ಅದರ 7ನೆಯ ಕಲಮು ಪಟ್ಟಿಮಾಡುತ್ತದೆ. ಮದ್ರಾಸಿನಿಂದ ಬರಬೇಕಾದ ದಕ್ಷಿಣ ಕನ್ನಡ ಜಿಲ್ಲೆಯ ಹೆಸರಿನೊಂದಿಗೆ ಒಂದು ವಿನಾಯಿತಿ ಸೇರಿಕೊಂಡಿದೆ: ಕಾಸರಗೋಡು ತಾಲೂಕು ಮತ್ತು ಅಮಿನ್‌ದೀವಿ ದ್ವೀಪಗಳನ್ನು ಬಿಟ್ಟು.

ನಮ್ಮದು ಕಾಸರಗೋಡು. ಚಂದ್ರಗಿರಿ ಹೊಳೆಯ ಉತ್ತರದ ದಡದಲ್ಲಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು ನಾವು. ಆ ವಿನಾಯಿತಿಯ ಮೊದಲ ಅರ್ಧವನ್ನು ಹಿರಿಯರ ಮಾತಿನಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳ ಹೋರಾಟ, 1967ರ ಮಹಾಜನ ಆಯೋಗದ ವರದಿ, ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂಬ ಅದರ ಶಿಫಾರಸು, ಅದು ಕಾಗದದಲ್ಲೇ ಉಳಿದದ್ದು, ಇವೆಲ್ಲ ನಮ್ಮ ಮನೆಯ ಜಗಲಿಯ ಮಾತುಗಳಾಗಿದ್ದವು. ಆದರೆ ಅದೇ ವಾಕ್ಯದಲ್ಲಿ ಒಂದು ‘ಮತ್ತು’ ಇದೆಯೆಂದೂ ಅದರಾಚೆ ಇನ್ನೊಂದು ಊರು ಇದೆಯೆಂದೂ ಯಾರೂ ಹೇಳಿರಲಿಲ್ಲ. ಒಂದೇ ಜಿಲ್ಲೆಯಿಂದ ಒಂದೇ ದಿನ ಒಂದೇ ವಾಕ್ಯ ಎರಡು ತುಂಡುಗಳನ್ನು ಕತ್ತರಿಸಿತು. ಒಂದಕ್ಕಾಗಿ ನಾವು ಎಪ್ಪತ್ತು ವರ್ಷಗಳ ಹತ್ತಿರ ಹತ್ತಿರ ಕೊರಗಿದೆವು. ಇನ್ನೊಂದು ನಮ್ಮದಾಗಿತ್ತೆಂಬುದೇ ನಮಗೆ ಗೊತ್ತಿರಲಿಲ್ಲ. ಆ ಇನ್ನೊಂದರಲ್ಲಿಯೇ ಕಡಮತ್ ಇದೆ. ಹೀಗೆ ಮಕ್ಕಳ ಹಟಕ್ಕೆ ಗೊತ್ತುಮಾಡಿದ ಪ್ರವಾಸಕ್ಕೆ ನಮಗೂ ಒಂದು ಕಾರಣ ಸಿಕ್ಕಿತು.

ಡಿಸೆಂಬರಿನ ಒಂದು ಮಧ್ಯಾಹ್ನ ಕಲೂರಿನಿಂದ ಹೊರಟು ಸೇತುವೆ ದಾಟಿ ವಿಲ್ಲಿಂಗ್ಡನ್ ದ್ವೀಪವನ್ನು ತಲುಪಿದೆವು. ಲಕ್ಷದ್ವೀಪದ ಹಡಗುಗಳು ಹೊರಡುವುದು ಇಲ್ಲಿಂದಲೇ. ಈ ದ್ವೀಪವನ್ನು ಮನುಷ್ಯರು ಮಾಡಿದ್ದೆಂದು ಹೇಳಿದಾಗ ಮಗ ನಂಬಲಿಲ್ಲ. ಕೊಚ್ಚಿಯ ಅಳಿವೆಯ ಬಾಯಿಗೆ ಅಡ್ಡವಾಗಿ ಒಂದು ಮರಳದಿಬ್ಬ ಮಲಗಿತ್ತು. ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರಗಡಲಲ್ಲೇ ನಿಲ್ಲುತ್ತಿದ್ದವು. 1920ರಲ್ಲಿ ಇಲ್ಲಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಆ ದಿಬ್ಬವನ್ನು ಕಡಿಸಿ, ಹಿನ್ನೀರಿನ ತಳವನ್ನು ಆಳವಾಗಿ ತೋಡಿಸಿ, ಮೇಲೆತ್ತಿದ ಹೂಳನ್ನೇ ಒಂದೆಡೆ ಸುರಿದು ಈ ನೆಲವನ್ನು ಎಬ್ಬಿಸಿದ. 1928ರಲ್ಲಿ ಮೊದಲ ಹಡಗು ಒಳಬಂದರಿಗೆ ಬಂತು. ಮಂಗಳೂರಿನ ಹಳೆಯ ಬಂದರಿಗೂ ಅಂಥದೇ ಅಳಿವೆಯ ಕಾಟವಿತ್ತು, ಅದನ್ನು ನೀಗಲು ಅಲ್ಲಿಗೆ ಬ್ರಿಸ್ಟೋನಂಥವನೊಬ್ಬ ಬರಲಿಲ್ಲ. ನವಮಂಗಳೂರು ಬಂದರು ಆಗುವುದಕ್ಕೆ 1970ರ ದಶಕದವರೆಗೆ ಕಾಯಬೇಕಾಯಿತು. ಭೂಪಟದಲ್ಲಿ ಅಳೆದರೆ ಕಡಮತ್ ಕೊಚ್ಚಿಯಿಂದ ಸುಮಾರು 400 ಕಿಲೋಮೀಟರ್ ದೂರ. ಮಂಗಳೂರಿನಿಂದಾಗಲಿ ಕಾಸರಗೋಡಿನಿಂದಾಗಲಿ 300 ಕಿಲೋಮೀಟರ್ ಕೂಡ ಇಲ್ಲ. ಹತ್ತಿರದ ದಡವನ್ನು ಬಿಟ್ಟು ದೂರದ ದಡದಿಂದ ನಾವು ಹೊರಟಿದ್ದೆವು.

ಹಡಗು ದಡ ಬಿಟ್ಟ ಎರಡು ಗಂಟೆಗಳಲ್ಲಿ ಮಗನಿಗೆ ವಾಂತಿ ಶುರುವಾಯಿತು. ಅವನ ತಾಯಿ ನಿಂಬೆಹಣ್ಣು ಮೂಸಿಸುತ್ತ, ಬೆನ್ನು ಸವರುತ್ತ ಕುಳಿತಳು. ಮಗಳು ಮಾತ್ರ ಕಟಕಟೆಗೆ ಆತುಕೊಂಡು ನಿಂತು ಕತೆ ಹೇಳೆಂದು ಪೀಡಿಸಿದಳು. ಇಂಗ್ಲಿಷ್ ಎಂ.ಎ. ಓದುವ ಕಾಲದಲ್ಲಿ ನಾವು ದ್ವೀಪದ ಕತೆಗಳನ್ನು ಸಾಲಾಗಿ ಓದಿದ್ದೆವು. 1719ರ ರಾಬಿನ್ಸನ್ ಕ್ರೂಸೋ, ಅವನ ಹಿಂದೆಯೇ ಹುಟ್ಟಿದ ನೂರಾರು ಮರಿಕ್ರೂಸೋಗಳು. ಅವುಗಳಲ್ಲಿ ಒಂದು 1857ರಲ್ಲಿ ಬ್ಯಾಲಂಟೈನ್ ಬರೆದ ‘ದಿ ಕೋರಲ್ ಐಲೆಂಡ್’. ಹವಳದ ದ್ವೀಪದಲ್ಲಿ ಸಿಕ್ಕಿಬಿದ್ದ ಮೂವರು ಹುಡುಗರ ಕತೆ ಅದು. ಆ ಲೇಖಕ ಹವಳದ ದ್ವೀಪವನ್ನು ಕಣ್ಣಾರೆ ಕಂಡವನಲ್ಲ. ತೆಂಗಿನಕಾಯಿಯನ್ನು ಅವನು ನೋಡಿದ್ದು ಬ್ರಿಟನ್ನಿನ ಅಂಗಡಿಗಳಲ್ಲಿ, ಸಿಪ್ಪೆ ಸುಲಿದ ಮೇಲೆ. ಹಾಗಾಗಿ ಅವನ ಪುಸ್ತಕದಲ್ಲಿ ಮರದ ಮೇಲಿನ ಕಾಯಿಗೂ ಸಿಪ್ಪೆಯೇ ಇಲ್ಲ. ತಪ್ಪು ಗೊತ್ತಾದಾಗ ಅವನು ನಾಚಿದನಂತೆ. ಆಮೇಲೆ ಯಾವ ಊರಿನ ಬಗ್ಗೆ ಬರೆಯುವುದಿದ್ದರೂ ಆದಷ್ಟು ಅಲ್ಲಿಗೇ ಹೋಗಿ ನೋಡಿ ಬರೆಯಲು ಯತ್ನಿಸಿದನಂತೆ. ಕೇಳಿ ಮಗಳು ನಕ್ಕಳು. ಅಂಗಳದಲ್ಲಿ ಅಜ್ಜ ಕಾಯಿ ಸುಲಿಯುವುದನ್ನು ಕಂಡ ಮಗುವಿಗೆ ಅದು ನಗುವ ಮಾತೇ. ಆದರೆ ಆ ರಾತ್ರಿ ನಮಗೆ ಹೊಳೆದದ್ದು ಬೇರೆ. ಬ್ಯಾಲಂಟೈನ್ ಮರೆತ ಆ ಸಿಪ್ಪೆಯೇ ನಾವು ಹೋಗುತ್ತಿರುವ ದ್ವೀಪಗಳ ಇತಿಹಾಸ. ಅರಸರು, ಬೀಬಿಯರು, ಸುಲ್ತಾನರು, ಕಂಪೆನಿಯ ಕಲೆಕ್ಟರರು, ಎಲ್ಲರೂ ಅಲ್ಲಿಂದ ಬಯಸಿದ್ದು ಆ ಸಿಪ್ಪೆಯೊಳಗಿನ ನಾರನ್ನು.

ಮರುದಿನ ಹಡಗು ಹವಳದ ದಿಣ್ಣೆಯ ಹೊರಗೇ ನಿಂತಿತು. ಸಣ್ಣ ದೋಣಿಗಳು ಬಂದವು. ನೀರಿನ ಏರಿಳಿತಕ್ಕೆ ಲೆಕ್ಕಹಾಕಿ, ದೋಣಿ ಮೇಲೇಳುವ ಕ್ಷಣಕ್ಕೆ ಸರಿಯಾಗಿ ದ್ವೀಪದ ಹುಡುಗರು ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿಕೊಂಡರು. ಕಡಮತ್ ಉದ್ದಕ್ಕೆ 8 ಕಿಲೋಮೀಟರಿಗೂ ಮಿಕ್ಕ, ಅಗಲಕ್ಕೆ ಅತಿ ಹೆಚ್ಚೆಂದರೆ ಅರ್ಧ ಕಿಲೋಮೀಟರಿನ ಒಂದು ಪಟ್ಟಿ. ಪಡುವಣಕ್ಕೆ ತಿಳಿಹಸುರಿನ ಶಾಂತ ಕೊಳದಂಥ ಕಡಲು, ಅದರಾಚೆ ನೊರೆಯ ಗೆರೆ, ಅದರಾಚೆ ಕಡುನೀಲಿ ಆಳ. ಮುಳುಗಿದ ಬೆಟ್ಟಗಳ ಅಂಚಿನ ಮೇಲೆ ಹವಳದ ಜೀವಿಗಳು ಪದರ ಪದರವಾಗಿ ಕಟ್ಟಿದ ಕೋಟೆಗಳು ಇಂಥ ದ್ವೀಪಗಳೆಂದು ಡಾರ್ವಿನ್ 1842ರಲ್ಲಿ ವಿವರಿಸಿದ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರ್ ಮಾತ್ರ. ಅವುಗಳಲ್ಲಿ ಜನವಸತಿ ಇರುವವು ಹತ್ತು. 2011ರ ಜನಗಣತಿಯಂತೆ ಎಲ್ಲ ಸೇರಿ 64 ಸಾವಿರ ಚಿಲ್ಲರೆ ಜನ.

ಮಕ್ಕಳು ಅಲ್ಲಿ ಮೊದಲು ಕಲಿತದ್ದು ಈಜನ್ನಲ್ಲ, ನೀರಿನ ಮಿತವ್ಯಯವನ್ನು. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಬಾವಿ ತೋಡಿದರೆ ಕೆಲವೇ ಅಡಿಗಳಲ್ಲಿ ಸಿಹಿನೀರು ಸಿಗುತ್ತದೆ, ಕಡಲಿನ ಉಬ್ಬರಕ್ಕೆ ತಾನೂ ಏರುತ್ತದೆ, ಇಳಿತಕ್ಕೆ ತಾನೂ ಇಳಿಯುತ್ತದೆ. ಅಗತ್ಯಕ್ಕಿಂತ ಹೆಚ್ಚು ಸೇದಿದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಬಂದರೆ ಬೇಗ ಹೋಗುವುದಿಲ್ಲ. ಕಡಲನೀರನ್ನು ಸಿಹಿಮಾಡುವ ಸ್ಥಾವರವೊಂದು 2005ರಲ್ಲಿ ಕವರತ್ತಿಯಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ಶತಮಾನಗಳ ಕಾಲ ಬಾವಿಯೇ ಬದುಕು. ಎರಡನೆಯ ಬಾಲ್ದಿ ನೀರಿಗೆ ಕೈಹಾಕಿದ ಮಗನನ್ನು ಮಗಳೇ ಗದರಿಸಿ ನಿಲ್ಲಿಸಿದಳು.

ಈ ದ್ವೀಪಗಳು ನಮ್ಮ ಜಿಲ್ಲೆಗೆ ಬಂದ ಬಗೆ ಹೀಗೆ. ಹದಿನೆಂಟನೆಯ ಶತಮಾನದಲ್ಲಿ ಲಕ್ಷದ್ವೀಪವೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿತ್ತು. ಆ ಮನೆತನದಲ್ಲಿ ಹಿರಿತನ ಗಂಡಿಗೆ ಬಂದರೆ ಆಲಿರಾಜ, ಹೆಣ್ಣಿಗೆ ಬಂದರೆ ಬೀಬಿ. ಕಣ್ಣೂರಿನ ಕಾರ್ಯಕರ್ತರ ದಬ್ಬಾಳಿಕೆಯನ್ನು ಸಹಿಸಲಾರದೆ ಅಮಿನಿಯ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಬೀಬಿಯೊಡನೆ ಸ್ನೇಹವಿದ್ದ ಟಿಪ್ಪು, ಅವಳಿಗೆ ಒಳನಾಡಿನಲ್ಲಿ ಬೇರೆ ಭೂಮಿ ಕೊಟ್ಟು, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ಬಡಗಣ ದ್ವೀಪಗಳನ್ನು ತಾನು ತೆಗೆದುಕೊಂಡ. ಇವೇ ಅಮಿನ್‌ದೀವಿ ದ್ವೀಪಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಕರಾವಳಿಯೊಂದಿಗೆ ಈ ಐದು ದ್ವೀಪಗಳೂ ಕಂಪೆನಿಯ ಕೈಗೆ ಬಂದು ಮಂಗಳೂರಿನ ಆಡಳಿತಕ್ಕೆ ಸೇರಿದವು. ತೆಂಕಣ ದ್ವೀಪಗಳು ಬೀಬಿಯ ಬಳಿಯೇ ಉಳಿದವು. 1847ರಲ್ಲಿ ಭಾರಿ ಬಿರುಗಾಳಿ ಕಲ್ಪೇನಿ ಮತ್ತು ಆಂದ್ರೋತ್ ದ್ವೀಪಗಳನ್ನು ಧ್ವಂಸಮಾಡಿತು. ಅದರ ಬೆನ್ನಿಗೇ ಬೀಬಿಯ ಮೇಲೆ ಕಪ್ಪದ ಬಾಕಿ ಬೆಳೆಯಿತು. ಕಂಪೆನಿ 1854ರಲ್ಲಿ ಒಮ್ಮೆ, ಅದರ ನಂತರದ ಬ್ರಿಟಿಷ್ ಸರ್ಕಾರ 1875ರಲ್ಲಿ ಇನ್ನೊಮ್ಮೆ ಆ ದ್ವೀಪಗಳನ್ನು ವಶಕ್ಕೆ ತೆಗೆದುಕೊಂಡವು. ಅವು ಮಲಬಾರ್ ಜಿಲ್ಲೆಗೆ ಸೇರಿದವು. ಹೀಗೆ ಒಂದೇ ದ್ವೀಪಸ್ತೋಮ ಎರಡು ಕಲೆಕ್ಟರರ ನಡುವೆ ಹಂಚಿಹೋಯಿತು. 1956ರಿಂದ 1973ರವರೆಗೆ ಈ ಕೇಂದ್ರಾಡಳಿತ ಪ್ರದೇಶಕ್ಕಿದ್ದ ಉದ್ದನೆಯ ಹೆಸರು, ಲಕ್ಕದೀವಿ, ಮಿನಿಕಾಯ್ ಮತ್ತು ಅಮಿನ್‌ದೀವಿ ದ್ವೀಪಗಳು, ಆ ಹಳೆಯ ಹಂಚಿಕೆಯ ಗುರುತೇ. ಲಕ್ಷದ್ವೀಪವೆಂಬ ಹೆಸರು ಬಂದಮೇಲೆ ಆ ಗುರುತೂ ಅಳಿಯಿತು.

ಮಂಗಳೂರು ಈ ದ್ವೀಪಗಳನ್ನು ಆಳಿದ್ದು ಹೇಗೆ? ಇದನ್ನು ಬರೆಯುವಾಗ ಹೆಮ್ಮೆಪಡುವಂಥದು ಹೆಚ್ಚೇನೂ ಸಿಗುವುದಿಲ್ಲ. ಕಣ್ಣೂರಿನವರು ಹೂಡಿದ್ದ ನಾರಿನ ಏಕಸ್ವಾಮ್ಯವನ್ನು ಕಂಪೆನಿಯೂ ಬಿಡಲಿಲ್ಲ. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಅಕ್ಕಿ ಬರಬೇಕಾದದ್ದು ದಡದಿಂದಲೇ. ದ್ವೀಪದವರು ತಮ್ಮ ನಾರಿನ ಹುರಿಯನ್ನೆಲ್ಲ ಸರ್ಕಾರಕ್ಕೇ ಮಾರಬೇಕು, ಸರ್ಕಾರ ಗೊತ್ತುಮಾಡಿದ ದರದಲ್ಲಿ. ಬದಲಿಗೆ ಸರ್ಕಾರ ಗೊತ್ತುಮಾಡಿದ ದರದಲ್ಲೇ ಅಕ್ಕಿ ಪಡೆಯಬೇಕು. ಪೇಟೆಯ ಬೆಲೆಗೂ ಈ ದರಕ್ಕೂ ಇರುವ ಅಂತರವೇ ಖಜಾನೆಯ ಆದಾಯ. ಪೇಟೆಯಲ್ಲಿ ನಾರಿನ ಬೆಲೆ ಏರಿದರೆ ಲಾಭ ಸರ್ಕಾರಕ್ಕೆ, ಅಕ್ಕಿಯ ತೂಕ ಕಡಿಮೆಯಾದರೆ ಹಸಿವು ದ್ವೀಪಕ್ಕೆ. ಕಂದಾಯವೆಂಬ ಹೆಸರಿಲ್ಲದೆ ಕಂದಾಯ ಎತ್ತುವ ಈ ಏರ್ಪಾಟಿನ ಭಾರವನ್ನು ಹೊತ್ತವರು ಹೆಂಗಸರು. ಸಿಪ್ಪೆಯನ್ನು ಕಡಲಂಚಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಕೊಳೆತ ಮೇಲೆ ತೆಗೆದು ಕೋಲಿನಿಂದ ಬಡಿದು, ನಾರು ಬಿಡಿಸಿ, ತೊಡೆಯ ಮೇಲೆ, ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಿದ್ದವರು ಅವರು. ಉಪ್ಪುನೀರಿನಲ್ಲಿ ನೆನೆದ ದ್ವೀಪದ ನಾರಿಗೆ ಒಳ್ಳೆಯ ಬಣ್ಣ, ಒಳ್ಳೆಯ ಬಿಗಿ. ನಮ್ಮ ಅಜ್ಜಂದಿರ ಬಾವಿಗಳಲ್ಲಿ ಕೊಡ ಇಳಿಸಿದ ಹಗ್ಗಗಳಲ್ಲಿ ಎಷ್ಟು ದ್ವೀಪದ ಹೆಂಗಸರ ಕೈಗಳಿಂದ ಬಂದವೋ.

ಅಮಿನಿಯಲ್ಲಿ ಮೊಣೆಗಾರನೆಂಬ ಒಬ್ಬ ಅಧಿಕಾರಿ ಇರುತ್ತಿದ್ದ. ಸಣ್ಣಪುಟ್ಟ ವ್ಯಾಜ್ಯಗಳ ತೀರ್ಮಾನ, ನಾರಿನ ಲೆಕ್ಕ, ಅಕ್ಕಿಯ ಹಂಚಿಕೆ, ಎಲ್ಲವೂ ಅವನದೇ. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ತಿಂಗಳುಗಟ್ಟಲೆ ಮಂಗಳೂರಿಗೂ ಅವನಿಗೂ ಸಂಪರ್ಕವಿಲ್ಲ. ಮೇಲಧಿಕಾರಿ ವರ್ಷಕ್ಕೊಮ್ಮೆ ಬಂದರೆ ಬಂದ. ಕಚೇರಿಯ ಜೀವನ ಬಲ್ಲವರಿಗೆ ಇಂಥ ಹುದ್ದೆಯ ಸುಖವೂ ಅಪಾಯವೂ ತಿಳಿದೀತು. ಅವನ ಕರ್ತವ್ಯಗಳಲ್ಲಿ ಒಂದು ನಮ್ಮ ಮಕ್ಕಳಿಗೆ ಬಹಳ ಹಿಡಿಸಿತು: ಇಲಿಬೇಟೆ. ದ್ವೀಪದ ಇಲಿಗಳು ತೆಂಗಿನ ಮರದ ತಲೆಯಲ್ಲೇ ಗೂಡುಕಟ್ಟಿ ಎಳೆಗಾಯಿಗಳನ್ನು ಕೊರೆದುಹಾಕುತ್ತಿದ್ದವು. ಗೊತ್ತಾದ ದಿನ ಊರ ಗಂಡಸರೆಲ್ಲ ಸೇರಬೇಕು. ಕೆಲವರು ಮರಹತ್ತಿ ಇಲಿಗಳನ್ನು ಕೆಳಕ್ಕೆ ಬೀಳಿಸಬೇಕು, ಉಳಿದವರು ಕೋಲು ಹಿಡಿದು ಬುಡದಲ್ಲಿ ಕಾಯಬೇಕು. ತಪ್ಪಿಸಿಕೊಳ್ಳುವಂತಿಲ್ಲ, ಅದು ಸರ್ಕಾರಿ ಅಪ್ಪಣೆ. ಮಗ ಮೂರು ದಿನ ತೆಂಗಿನ ತಲೆಗಳನ್ನೇ ನೋಡುತ್ತ ನಡೆದ.

ಎರಡನೆಯ ಸಂಜೆ ಕಡಲದಂಡೆಯಲ್ಲಿ ಒಬ್ಬ ಮುದುಕರು ಬಲೆ ಸರಿಪಡಿಸುತ್ತ ಕುಳಿತಿದ್ದರು. ಮಕ್ಕಳು ಮಲಯಾಳದಲ್ಲಿ ಅವರನ್ನು ಮಾತಿಗೆಳೆದರು. ಅವರು ಆಡುವ ಜೆಸರಿ ಮಲಯಾಳದ್ದೇ ಒಂದು ಬಗೆ, ಆದರೆ ಕೊಚ್ಚಿಯ ಕಿವಿಗೆ ಅರ್ಧ ಮಾತ್ರ ತಿಳಿಯುತ್ತದೆ. ಊರು ಯಾವುದೆಂದು ಕೇಳಿದರು. ಮಗಳು ಕಲೂರ್ ಎಂದಳು. ನಾವು ಕಾಸರಗೋಡು ಎಂದೆವು. ಅವರು ಬಲೆಯಿಂದ ಕೈತೆಗೆದು, “ಹಾಗಾದರೆ ಮಂಗಲಾಪುರದವರು” ಎಂದರು. ಕೊಚ್ಚಿಯಲ್ಲಿ ಹತ್ತು ವರ್ಷಗಳಿಂದ ಯಾರೂ ನಮ್ಮನ್ನು ಹಾಗೆ ಕರೆದಿರಲಿಲ್ಲ. ಅವರ ಅಜ್ಜ ಓಡದಲ್ಲಿ ಹುರಿ, ಕೊಬ್ಬರಿ, ತೆಂಗಿನ ಬೆಲ್ಲ ಹೇರಿಕೊಂಡು ಮಂಗಳೂರಿನ ಬಂದರಿಗೆ ಹೋಗುತ್ತಿದ್ದರಂತೆ. ಓಡವೆಂದರೆ ದ್ವೀಪದವರೇ ಕಟ್ಟುವ ಹಾಯಿದೋಣಿ. ಹಳೆಯ ಕಾಲದಲ್ಲಿ ಅದರ ಹಲಗೆಗಳನ್ನು ಮೊಳೆಹೊಡೆಯದೆ ನಾರಿನ ಹುರಿಯಿಂದಲೇ ಹೊಲಿಯುತ್ತಿದ್ದರು. ನಕ್ಷತ್ರ ನೋಡಿ ದಿಕ್ಕು ಹಿಡಿಯಬೇಕು. ಗಾಳಿ ಒಳ್ಳೆಯದಿದ್ದರೆ ಕೆಲವು ದಿನ, ಇಲ್ಲದಿದ್ದರೆ ದೇವರೇ ಗತಿ. ಮಳೆ ಹಿಡಿಯುವ ಮೊದಲು ವರ್ಷದ ಅಕ್ಕಿ ತರದಿದ್ದರೆ ಮನೆಯಲ್ಲಿ ತೆಂಗಿನಕಾಯಿ ಮತ್ತು ಮೀನು ಮಾತ್ರ. “ಅಜ್ಜ ಮಂಗಲಾಪುರಕ್ಕೆ ಹೋದರೆ ಅಜ್ಜಿ ಕಡಲನ್ನು ನೋಡುತ್ತಿರಲಿಲ್ಲವಂತೆ, ಅಕ್ಕಿಯ ಡಬ್ಬವನ್ನು ನೋಡುತ್ತಿದ್ದಳಂತೆ” ಎಂದು ಹೇಳಿ ಅವರು ನಕ್ಕರು. ಮಂಗಳೂರಿನ ಹಳೆಯ ಬಂದರಿನಿಂದ ಈಗಲೂ ತರಕಾರಿ, ಜಲ್ಲಿ, ಸಿಮೆಂಟು ಹೇರಿಕೊಂಡ ಮಂಜಿಗಳು ಈ ದ್ವೀಪಗಳಿಗೆ ಬರುತ್ತವೆ. ಆಡಳಿತ ಕತ್ತರಿಸಿದ ದಾರಿಯನ್ನು ವ್ಯಾಪಾರ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಅವರ ಮಾತಿನಲ್ಲಿ ಇನ್ನೊಂದು ಸಂಗತಿ ನಮ್ಮನ್ನು ಹಿಡಿದು ನಿಲ್ಲಿಸಿತು. ಆಸ್ತಿಯನ್ನು ಅವರು ಎರಡಾಗಿ ಎಣಿಸುತ್ತಾರೆ. ತಾಯಿಯ ಕಡೆಯಿಂದ ಬಂದ, ಪಾಲಾಗದ ತರವಾಡಿನ ಆಸ್ತಿ ಶುಕ್ರವಾರದ ಸ್ವತ್ತು. ತಾನೇ ಗಳಿಸಿದ್ದು ಸೋಮವಾರದ ಸ್ವತ್ತು. ಮೊದಲನೆಯದು ಹೆಣ್ಣಿನ ಸಂತತಿಯಲ್ಲಿ ಸಾಗುತ್ತದೆ, ಎರಡನೆಯದು ಧರ್ಮಶಾಸ್ತ್ರದಂತೆ ಮಕ್ಕಳಿಗೆ ಹೋಗುತ್ತದೆ. ಹಿಂದೆ ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಗಾದರೆ ತನ್ನ ತಾಯಿಯ ಮನೆಗೆ ಹಿಂದಿರುಗುತ್ತಿದ್ದ. ಇಸ್ಲಾಮೂ ಮಾತೃಮೂಲದ ಕಟ್ಟಳೆಯೂ ಒಂದೇ ಮನೆಯಲ್ಲಿ ಬಾಳಿದ ಈ ಬಗೆಯನ್ನು ಕಲ್ಪೇನಿಯಲ್ಲಿ ಅಧ್ಯಯನ ಮಾಡಿ ಲೀಲಾ ದುಬೆ 1969ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಇದು ಹೊಸದಲ್ಲ. ಕುದ್ರು, ಕುಟುಂಬ, ತಾಯಿಮನೆ, ಯಜಮಾನಿಕೆಯ ಜಗಳಗಳು, ಇವೆಲ್ಲ ನಮ್ಮಲ್ಲೂ ಇದ್ದವು. ಮಂಗಳೂರಿನ ಒಂದೇ ಕಲೆಕ್ಟರಿ ಎರಡು ದಡಗಳ ಈ ಒಂದೇ ಬಗೆಯ ಮನೆಗಳನ್ನು ನೂರೈವತ್ತು ವರ್ಷ ಆಳಿತು. ಆದರೂ ಈ ದಡದವರು ಆ ದಡದವರನ್ನು ನೆಂಟರೆಂದು ತಿಳಿಯಲಿಲ್ಲ. ನಾರು ತರುವವರೆಂದು ತಿಳಿದರು.

ಇಲ್ಲಿಗೆ ಆ ‘ಮತ್ತು’ವಿನ ಪ್ರಶ್ನೆ ಬಂತು. ಒಂದೇ ವಾಕ್ಯ ಕಿತ್ತ ಎರಡರಲ್ಲಿ ಒಂದಕ್ಕೆ ಮಾತ್ರ ನಾವೇಕೆ ಅತ್ತೆವು? ಉತ್ತರ ಕಷ್ಟದ್ದಲ್ಲ. ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿದ್ದವು, ಯಕ್ಷಗಾನದ ಮೇಳಗಳಿದ್ದವು, ಕವಿಗಳಿದ್ದರು, ಕನ್ನಡದಲ್ಲಿ ಅರ್ಜಿ ಬರೆಯುವ ಜನರಿದ್ದರು. ಅಮಿನಿಯಲ್ಲಿ, ಕಡಮತ್‌ನಲ್ಲಿ ಕನ್ನಡ ಮಾತಾಡುವವರಿರಲಿಲ್ಲ. ಭಾಷೆಯ ಆಧಾರದಲ್ಲಿ ಗಡಿ ಹಾಕುವಾಗ ಅಮಿನ್‌ದೀವಿ ಬಿಟ್ಟುಹೋದದ್ದು ನ್ಯಾಯವೇ. ಅದೇ ನ್ಯಾಯ ಕಾಸರಗೋಡಿಗೆ ಸಿಗಲಿಲ್ಲವೆಂಬುದೇ ನಮ್ಮ ಹಳೆಯ ದೂರು, ಆ ದೂರನ್ನು ನಾವು ಹಿಂತೆಗೆದುಕೊಳ್ಳುವವರಲ್ಲ. ಆದರೆ ಒಂದು ಮಾತು ಉಳಿಯುತ್ತದೆ. ಒಂದೂವರೆ ಶತಮಾನ ಒಂದು ಜನರನ್ನು ಆಳಿ, ಅವರ ದುಡಿಮೆಯನ್ನು ತೂಗಿ ತೆಗೆದುಕೊಂಡು, ಬಿಟ್ಟುಹೋದ ದಿನ ಅವರ ಹೆಸರನ್ನೂ ನೆನೆಯದಿರುವುದು ಯಾವ ಬಗೆಯ ಸಂಬಂಧ? ಕೇರಳದ ಆಡಳಿತ ನಮ್ಮ ಭಾಷೆಯನ್ನು ಮರೆತಿದೆಯೆಂದು ದೂರುವ ನಾವು, ನಮ್ಮ ಜಿಲ್ಲೆಯೂ ಒಂದು ಕಾಲಕ್ಕೆ ಹಾಗೆ ಮರೆತ ಆಡಳಿತವಾಗಿತ್ತೆಂಬುದನ್ನು ತಿಳಿದಿದ್ದರೆ ಒಳ್ಳೆಯದು. ಆಳಿದವರು ಕಂಪೆನಿಯವರು, ನಾವಲ್ಲ ಎನ್ನಬಹುದು. ನಿಜ. ಆದರೆ ಬಂದರಿನಲ್ಲಿ ತಕ್ಕಡಿ ಹಿಡಿದವರು, ಲೆಕ್ಕ ಬರೆದವರು, ಹುರಿಯನ್ನು ಕೊಂಡು ಮಾರಿದವರು ಊರಿನವರೇ.

ದ್ವೀಪದವರಿಗೆ 1956 ಏನು ತಂದಿತೆಂಬುದನ್ನೂ ನೋಡಬೇಕು. ಮೊದಲು ಕೋಯಿಕ್ಕೋಡಿನಲ್ಲಿದ್ದ ಆಡಳಿತ ಕಚೇರಿ 1964ರಲ್ಲಿ ಕವರತ್ತಿಗೆ ಬಂತು. ಮೊದಲ ಸಲ ದ್ವೀಪಗಳನ್ನು ದ್ವೀಪದಲ್ಲೇ ಕುಳಿತು ಆಳತೊಡಗಿದರು. ಶಾಲೆ, ಆಸ್ಪತ್ರೆ, ಹಡಗು ಬಂದವು. 2011ರ ಹೊತ್ತಿಗೆ ಇಲ್ಲಿಯ ಸಾಕ್ಷರತೆ ನೂರಕ್ಕೆ 92ರ ಸಮೀಪದಲ್ಲಿತ್ತು. ಮಂಗಳೂರಿನ ಕಾಲದಲ್ಲಿ ಇದನ್ನು ಊಹಿಸುವಂತಿರಲಿಲ್ಲ. ಇನ್ನು, ನಾವು ತುಂಬಿದ ಪರವಾನಗಿಯ ಅರ್ಜಿ. ಹೊರಗಿನವರ ಪ್ರವೇಶಕ್ಕೆ ತಡೆ ಹಾಕುವ ಕ್ರಮ 1912ರ ನಿಯಮಾವಳಿಯಷ್ಟು ಹಳೆಯದು, ಈಗಿರುವ ನಿಯಮಗಳು 1967ರವು. ಅರ್ಜಿ ತುಂಬುವಾಗ ಇದು ನಮಗೆ ಕಿರಿಕಿರಿಯಾಗಿತ್ತು. ಒಂದೇ ದೇಶದೊಳಗೆ ಇದೇನು ಎನಿಸಿತ್ತು. ಬಾವಿಯ ನೀರನ್ನು ಕಂಡಮೇಲೆ ಹಾಗೆನಿಸಲಿಲ್ಲ. ಅರ್ಧ ಕಿಲೋಮೀಟರ್ ಅಗಲದ ನೆಲಕ್ಕೆ ಬಯಸಿದವರೆಲ್ಲ ಬಂದರೆ ಆ ತೆಳು ಸಿಹಿನೀರು ಎಷ್ಟು ದಿನ ಉಳಿದೀತು? ಕಡಲೂ ಬಿಸಿಯಾಗುತ್ತಿದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಇಲ್ಲಿಯ ಹವಳಗಳು ಬಿಳಿಚಿ ಸತ್ತವು. ಅಲೆಯನ್ನು ತಡೆಯುವುದು ಹವಳದ ದಿಣ್ಣೆ; ಅದು ಸತ್ತರೆ ದ್ವೀಪಕ್ಕೆ ಬೇಲಿಯೇ ಇಲ್ಲ. ಹಿಂದೆ ನಾವು ನಾರಿಗಾಗಿ ಬಂದೆವು, ಈಗ ಚಿತ್ರ ತೆಗೆಯಲು ಬರುತ್ತಿದ್ದೇವೆ. ಎರಡಕ್ಕೂ ತೂಕವಿದೆ, ಎರಡನ್ನೂ ಹೊರುವುದು ದ್ವೀಪವೇ.

ಹೊರಡುವ ದಿನ ಬೆಳಗ್ಗೆ ಬಟ್ಟೆ ಮಡಿಸುವಾಗ ಮಗನ ಚಡ್ಡಿಯ ಜೇಬಿನಿಂದ ಬೆರಳುದ್ದದ ಹವಳದ ತುಂಡೊಂದು ಉರುಳಿತು. ಹವಳವನ್ನು ಒಯ್ಯುವುದು ಅಪರಾಧವೆಂದು ಹೇಳಿಯೇ ನಮ್ಮನ್ನು ಇಳಿಸಿದ್ದರು. ಅವನು ಅತ್ತ. ಸತ್ತದ್ದು ತಾನೇ, ದಡದಲ್ಲಿ ಬಿದ್ದಿತ್ತು ತಾನೇ, ಒಂದೇ ಒಂದು ತಾನೇ ಎಂದು ವಾದಿಸಿದ. ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಮಗಳು ಅವನ ಪಕ್ಕದಲ್ಲಿ ಕುಳಿತು, ಇಳಿದವರೆಲ್ಲ ಒಂದೊಂದು ಒಯ್ದರೆ ಹಡಗಿಗೆ ಎಷ್ಟಾಗುತ್ತದೆಂದು ಲೆಕ್ಕಹಾಕಿಸಿದಳು. ಅವನಿಗೆ ನೂರರವರೆಗೆ ಮಾತ್ರ ಎಣಿಕೆ ಬರುತ್ತಿತ್ತು, ಅಷ್ಟಕ್ಕೇ ಸಾಕಾಯಿತು. ನಾಲ್ವರೂ ದಂಡೆಗೆ ಹೋಗಿ ಅದನ್ನು ನೀರಿಗೆ ಹಾಕಿ ಬಂದೆವು.

ದೋಣಿ ಹತ್ತುವ ಮೊದಲು ಆ ಮುದುಕರು ಬಂದು ಒಂದು ಸುರುಳಿ ಹುರಿಯನ್ನು ಮಗಳ ಕೈಯಲ್ಲಿಟ್ಟರು. ಮನೆಯಾಕೆ ಹೊಸೆದದ್ದೆಂದರು. ಬೆಲೆ ಎಷ್ಟೆಂದು ಕೇಳಲು ಬಾಯಿ ತೆರೆದೆವು, ಕೇಳಲಿಲ್ಲ. ಹಿಂದೆ ಯಾವ ದರದಲ್ಲಿ ಕೊಂಡಿದ್ದೆವೆಂಬ ಸಂಗತಿ ತಲೆಯಲ್ಲಿ ಇನ್ನೂ ಹಸಿಯಾಗಿತ್ತು. ಮಡಿಸಿ ತಂದಿದ್ದ ಒಂದು ಕಿಲೋ ಅವಲಕ್ಕಿ ಚೀಲದಲ್ಲಿ ಉಳಿದಿತ್ತು, ಕಾಸರಗೋಡಿನಿಂದ ಅಮ್ಮ ಕಳಿಸಿದ್ದು. ಅದನ್ನು ಅವರಿಗೆ ಕೊಟ್ಟೆವು. ಅವರು ಮೂಸಿ ನೋಡಿ ಮೊಮ್ಮಕ್ಕಳಿಗೆಂದು ಪಂಚೆಯ ತುದಿಯಲ್ಲಿ ಕಟ್ಟಿಕೊಂಡರು.

ಆ ಹುರಿ ಈಗ ಕಲೂರಿನ ಮನೆಯ ಮಾಳಿಗೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ. ಪ್ಲಾಸ್ಟಿಕ್ ಹಗ್ಗಕ್ಕಿಂತ ಒರಟು, ಬಿಳಿ ಬಟ್ಟೆಗೆ ಕಂದು ಗೆರೆ ಹಿಡಿಯುತ್ತದೆಂದು ದಿನವೂ ದೂರು ಕೇಳುತ್ತೇವೆ. ಶಾಲೆಯಲ್ಲಿ ರಜೆಯ ಬಗ್ಗೆ ಬರೆಯಲು ಹೇಳಿದಾಗ ಮಗಳು ಒಂದು ಭೂಪಟವನ್ನೂ ಬಿಡಿಸಿದಳು. ಅದರಲ್ಲಿ ಕೊಚ್ಚಿಯಿಂದ ಕಡಮತ್‌ಗೆ ಹಡಗಿನ ದಾರಿಯಿತ್ತು. ಯಾರೂ ಹೇಳದೆ ಅವಳು ಇನ್ನೊಂದು ಗೆರೆಯನ್ನು ಮಂಗಳೂರಿಗೆ ಎಳೆದು, ಅದರ ಮೇಲೆ ಕನ್ನಡದಲ್ಲಿ ‘ಅಕ್ಕಿ’ ಎಂದು ಬರೆದಿದ್ದಳು. ಅದೇನೆಂದು ಟೀಚರು ಕೇಳಿದರಂತೆ. ಅವಳು ಮಲಯಾಳದಲ್ಲಿ ವಿವರಿಸಿದಳಂತೆ.